ಸೂಜಿ ದಿನ ಏಳು ಹುಡುಗಿಯರು ಬಿದ್ದರು. ಮುಂದಿನ ಸುತ್ತಿಗೆ ಏನು ಮಾಡಲಿ?

ಹಿಂದಿನ ಬೆಂಚು (ಚಿತ್ತಾಪುರ ಕಡೆ), ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಊರಿನ ಹೆಸರು ಬೇಡ. ಶಾಲೆಗೆ ಇಬ್ಬರು ಶಿಕ್ಷಕರು ‘ಆರೋಗ್ಯ ರಾಯಭಾರಿ’ ಆಗಿರಬೇಕು ಅಂತ ಇದೆ. ಒಬ್ಬರಿಗೆ ವರ್ಗ ಆಯಿತು, ಉಳಿದವನು ನಾನೊಬ್ಬನೇ. ತರಬೇತಿಯಲ್ಲಿ ಉಪ್ಪಿಟ್ಟು, ಚಹಾ, ಒಂದು ಬ್ಯಾಗು ಕೊಟ್ಟಿದ್ದರು. ಹುಡುಗಿಯರು ಸಾಲಾಗಿ ನೆಲಕ್ಕೆ ಬಿದ್ದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊನ್ನೆ ಗುರುವಾರ ಹತ್ತನೇ ಕ್ಲಾಸಿಗೆ ಟಿಡಿ ಲಸಿಕೆ ಇತ್ತು. ಧನುರ್ವಾಯು, ಗಂಟಲುಮಾರಿ ಎರಡಕ್ಕೂ ಸೇರಿದ ಸೂಜಿ. 10 ವರ್ಷಕ್ಕೊಂದು, 16ಕ್ಕೊಂದು ಕೊಡುತ್ತಾರಲ್ಲ, ಅದು. ಕ್ಲಾಸಿನಲ್ಲಿ 62 ಮಕ್ಕಳು. ಮನೆಗೆ ಒಪ್ಪಿಗೆ ಚೀಟಿ ಕಳಿಸಿದ್ದೆವು, 43 ವಾಪಸ್ ಬಂದವು. ಆರೋಗ್ಯ ಉಪಕೇಂದ್ರದ ಸಿಸ್ಟರ್ ಒಂಬತ್ತೂವರೆಗೆ ಲಸಿಕೆಯ ನೀಲಿ ಡಬ್ಬಿ ಹೆಗಲಿಗೆ ಹಾಕಿಕೊಂಡು ಆಟೋದಲ್ಲಿ ಬಂದರು. ನಾನು ಜಾಣತನ ಮಾಡಲು ಹೋಗಿ ವರಾಂಡದಲ್ಲೇ ಟೇಬಲ್ ಹಾಕಿಸಿದೆ, ಗಾಳಿ ಬೆಳಕು ಚೆನ್ನಾಗಿರುತ್ತದೆ ಅಂತ. ಎಲ್ಲರನ್ನೂ ಸಾಲು ನಿಲ್ಲಿಸಿದೆ.

ಹದಿನೆಂಟನೆಯವಳು ಸೂಜಿ ಮಾಡಿಸಿಕೊಂಡು ನಾಲ್ಕು ಹೆಜ್ಜೆ ನಡೆದಳು. ಕಂಬಕ್ಕೆ ಒರಗಿದಳು. ಹಾಗೇ ಜಾರಿ ಕುಳಿತಳು, ಕಣ್ಣು ಮೇಲಕ್ಕೆ ಹೋಯಿತು. ತಾಂಡಾದಿಂದ ಏಳು ಗಂಟೆ ಬಸ್ಸಿಗೆ ಬಂದವಳು, ಹೊಟ್ಟೆಯಲ್ಲಿ ಒಂದು ಕಪ್ ಚಹಾ ಬಿಟ್ಟು ಏನೂ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಯಾರೋ ಚೀರಿದರು. ಹತ್ತು ನಿಮಿಷದಲ್ಲಿ ಒಟ್ಟು ಏಳು ಜನ ಬಿದ್ದರು. ಅವರಲ್ಲಿ ಇಬ್ಬರಿಗೆ ಸೂಜಿ ಆಗಿರಲೇ ಇಲ್ಲ! ಸಾಲಿನಲ್ಲಿ ನಿಂತಿದ್ದರು ಅಷ್ಟೇ.

ನನ್ನ ಕೈಕಾಲು ನಡುಗುತ್ತಿತ್ತು. ಸಿಸ್ಟರ್ ಮಾತ್ರ ದನಿ ಏರಿಸಲಿಲ್ಲ. “ಸರ್‍ರೀ, ಮೊದಲ ಉಳದೋರನ್ನ ಒಳಗ ಕಳಸ್ರಿ. ನೋಡ್ಲಾಕತ್ತಾರ, ಅದಕ್ಕ ಬೀಳ್ಲಾಕತ್ತಾರ” ಅಂದರು. ಜಮಖಾನ ಹಾಸಿ ಮಲಗಿಸಿದರು, ಕಾಲಿನ ಕೆಳಗೆ ಅವರವರದೇ ಸ್ಕೂಲ್ ಬ್ಯಾಗ್ ಇಟ್ಟರು. ಕಾಲು ಗಂಟೆಯಲ್ಲಿ ಎಲ್ಲರೂ ಎದ್ದು ಕುಳಿತರು.

ಅಷ್ಟರಲ್ಲಿ ಕಂಪೌಂಡ್ ಆಚೆಯಿಂದ ಯಾರೋ ವಿಡಿಯೋ ಮಾಡಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಊರಲ್ಲಿ “ಇಬ್ರು ಹುಡುಗ್ಯಾರು ತೀರ್ಕೊಂಡ್ರಂತ” ಅಂತ ಸುದ್ದಿ. ಒಂದು ಟ್ರ್ಯಾಕ್ಟರ್ ತುಂಬ ಜನ ಬಂದರು. ಗೇಟಿಗೆ ಬೀಗ ಹಾಕಿದೆವು, ಅದರಿಂದ ಅನುಮಾನ ಇನ್ನೂ ಜಾಸ್ತಿ ಆಯಿತು.

ಈಗ ಲೆಕ್ಕ ಹೀಗಿದೆ: 19 ಮಕ್ಕಳಿಗೆ ಆಗಿದೆ. ಚೀಟಿ ಕೊಟ್ಟ ಇನ್ನೂ 24 ಮಕ್ಕಳು ಬಾಕಿ. ಅದರಲ್ಲಿ ಕೆಲವರ ಮನೆಯವರು ಚೀಟಿ ವಾಪಸ್ ಕೇಳುತ್ತಿದ್ದಾರೆ. ಎರಡು ವಾರ ಬಿಟ್ಟು ಸಿಸ್ಟರ್ ಮತ್ತೆ ಬರುತ್ತಾರೆ. ಶಹರದ ದೊಡ್ಡ ಶಾಲೆಗಳಲ್ಲಿ ಒಬ್ಬ ನರ್ಸ್ ಕಾಯಂ ಇರುತ್ತಾರಂತೆ. ನಮ್ಮಲ್ಲೂ ಒಬ್ಬರು ಇದ್ದಿದ್ದರೆ ಹೀಗಾಗುತ್ತಿತ್ತಾ? ಅದು ಬಿಡಿ, ಇರುವುದರಲ್ಲಿ ನಾನು ಏನು ಮಾಡಬೇಕು? ಗೊತ್ತಿದ್ದವರು ಹೇಳಿ.

ಕರಿಕಲ್ಲು (ಶಹಾಬಾದ್), ರಾತ್ರಿ 9:58

ಆ ವಿಡಿಯೋ ನಮ್ಮ ಗುಂಪಿಗೂ ಬಂತು. ‘ಯಾದಗಿರಿಯಲ್ಲಿ ನಡೆದ ಘಟನೆ’ ಅಂತ ಬರೆದಿತ್ತು. ಯಾದಗಿರಿಯವರಿಗೆ ಬೀದರ್ ಅಂತ ಹೋಗಿರಬೇಕು.

ಗುರುವಾರದ ಅಕ್ಕ (ಆಳಂದ ಕಡೆ), ರಾತ್ರಿ 10:35

ಸರ್, ಮೊದಲು ಆ ಸಿಸ್ಟರ್‌ಗೆ ಒಂದು ಫೋನ್ ಮಾಡಿ ಮಾತಾಡಿಸಿ. ಇಂಥ ದಿನ ಮುಗಿಸಿ ಮನೆಗೆ ಹೋದರೆ ನಮಗೆ ಊಟ ಸೇರುವುದಿಲ್ಲ. ಅವರು ಮಾಡಿದ್ದೆಲ್ಲ ಸರಿಯಾಗಿದೆ.

ನಾನೂ ಎಎನ್‌ಎಂ, ಅಂದರೆ ಉಪಕೇಂದ್ರದ ನರ್ಸ್. ಹುದ್ದೆಯ ಹೆಸರು ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂತ ಉದ್ದ ಆಗಿದೆ, ಊರಲ್ಲಿ ಇನ್ನೂ ‘ನರ್ಸಬಾಯಿ’. ನಿಮ್ಮಂಥ ಸರ್ಕಾರಿ ಹೈಸ್ಕೂಲಿಗೆ ಅಂತಲೇ ಒಬ್ಬ ನರ್ಸ್ ಇರುವುದಿಲ್ಲ, ಸರ್. ಒಂದು ಉಪಕೇಂದ್ರಕ್ಕೆ 5,000 ಜನ ಅಂತ ಲೆಕ್ಕ. ನನ್ನ ಪಾಲಿಗೆ ನಾಲ್ಕು ಹಳ್ಳಿ, ಎರಡು ತಾಂಡಾ, ಆರು ಶಾಲೆ. ಬಸುರಿ, ಬಾಣಂತಿ, ಕೂಸುಗಳ ಸೂಜಿ, ಬಿಪಿ-ಶುಗರ್ ಪಟ್ಟಿ, ಇದರ ನಡುವೆ ಶಾಲೆ. ವರ್ಷಕ್ಕೆ ಎರಡು ಮೂರು ಸಲ ಹೋಗುತ್ತೇನೆ. ಮಕ್ಕಳಿಗೆ ನಾನು ಯಾರು ಅಂತ ಗೊತ್ತಿರುವುದಿಲ್ಲ. ಸೂಜಿ ಹಿಡಿದು ಬಂದ ಹೆಂಗಸು, ಅಷ್ಟೇ. ಅರ್ಧ ಹೆದರಿಕೆ ಅಲ್ಲೇ ಇದೆ.

ಇನ್ನು ಬಿದ್ದ ವಿಷಯ. ಹೆದರಿದಾಗ ಕೆಲವರಿಗೆ ನಾಡಿ ನಿಧಾನ ಆಗುತ್ತದೆ, ಬಿಪಿ ಇಳಿಯುತ್ತದೆ, ತಲೆಗೆ ರಕ್ತ ಸಾಲದೆ ಬೀಳುತ್ತಾರೆ. ಕೂಸುಗಳಿಗಿಂತ ಈ ವಯಸ್ಸಿನ ಮಕ್ಕಳಲ್ಲಿ ಇದು ಜಾಸ್ತಿ. ಮಲಗಿಸಿ ಕಾಲು ಎತ್ತಿಟ್ಟರೆ ಸರಿಹೋಗುತ್ತದೆ. ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ಬರುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯೇ ಇದಕ್ಕೆ ಬೇರೆ ಹೆಸರಿಟ್ಟಿದೆ, ಲಸಿಕೆ ಹಾಕಿಸಿಕೊಳ್ಳುವ ಒತ್ತಡದಿಂದ ಆಗುವ ತೊಂದರೆ ಅಂತ. ಇದು ನಾಟಕ ಅಲ್ಲ. ಆ ಹುಡುಗಿಯರನ್ನು ಯಾರೂ ಬೈಯಬೇಡಿ, ದಯವಿಟ್ಟು.

ನಿಜವಾದ ಅಲರ್ಜಿ ಬೇರೆ. ಮೈಮೇಲೆ ಗಂಧೆ ಏಳುತ್ತದೆ, ತುಟಿ, ಕಣ್ಣು ಊದುತ್ತವೆ, ಉಸಿರು ಕಟ್ಟುತ್ತದೆ, ನಾಡಿ ಓಡುತ್ತದೆ. ಮಲಗಿಸಿದರೂ ಇಳಿಯುವುದಿಲ್ಲ. ಬಹಳ ಅಪರೂಪ, ನಾನು ಇಷ್ಟು ವರ್ಷದಲ್ಲಿ ಒಂದೂ ನೋಡಿಲ್ಲ. ಆದರೂ ನಮ್ಮ ಚೀಲದಲ್ಲಿ ಅಡ್ರಿನಲಿನ್ ಇರುತ್ತದೆ. ತೊಡೆಗೆ ಒಂದು ಡೋಸ್ ಕೊಟ್ಟು 108ಕ್ಕೆ ಫೋನ್ ಮಾಡುವ ತರಬೇತಿ ನಮಗಿದೆ. ಸೂಜಿ ಆದ ಮೇಲೆ ಅರ್ಧ ಗಂಟೆ ಕೂರಿಸುವುದು ಅದಕ್ಕೇ, ಸುಮ್ನೆ ಅಲ್ಲ.

ಈಗ ನಿಮ್ಮ ವರಾಂಡಕ್ಕೆ ಬರುತ್ತೇನೆ. ಎರಡು ಬಾಗಿಲು ಇರುವ ಒಂದು ಕೋಣೆ ಹುಡುಕಿ. ಒಂದರಿಂದ ಒಳಗೆ, ಇನ್ನೊಂದರಿಂದ ಹೊರಗೆ. ಸಾಲೇ ಬೇಡ, ಪಾಠ ನಡೆಯುತ್ತಿರಲಿ, ನಾಲ್ಕು ನಾಲ್ಕು ಮಕ್ಕಳನ್ನು ಕರೆಯಿರಿ. ಕುರ್ಚಿಯೂ ಬೇಡ. ಗೋಡೆಗೆ ಒರಗಿಸಿ ನೆಲದ ಮೇಲೆ ಕೂರಿಸಿ ಸೂಜಿ ಮಾಡಿದರೆ ತಲೆ ತಿರುಗಿದರೂ ಪೆಟ್ಟಾಗುವುದಿಲ್ಲ. ಬಹಳ ಹೆದರುವವರನ್ನು ಕೊನೆಗೆ ಇಡಬೇಡಿ, ಕಾದು ಕಾದು ಅವರೇ ಬೀಳುತ್ತಾರೆ. ಎಲ್ಲಕ್ಕಿಂತ ಮುಖ್ಯ, ಬಿಸಿಯೂಟ ಆದ ಮೇಲೆ ಇಟ್ಟುಕೊಳ್ಳಿ. ಮೊಟ್ಟೆ ದಿನ ಆದರೆ ಇನ್ನೂ ಒಳ್ಳೆಯದು.

ಇನ್ನೊಂದು ನನ್ನ ಸ್ವಂತ ಉಪಾಯ. ಸೂಜಿಗೆ ಮೊದಲು ಐದು ನಿಮಿಷ ಡಬ್ಬಿ ತೆಗೆದು ತೋರಿಸುತ್ತೇನೆ. ಒಳಗೆ ನಾಲ್ಕು ಐಸ್ ಪ್ಯಾಕ್ ಇರುತ್ತವೆ. ಫ್ರೀಜರ್‌ನಿಂದ ತೆಗೆದ ಕೂಡಲೇ ಇಡುವುದಿಲ್ಲ, ಬೆವರಲು ಬಿಡುತ್ತೇವೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಕುಲುಕಬೇಕು. ಯಾಕೆಂದರೆ ಟಿಡಿ ಹೆಪ್ಪುಗಟ್ಟಿದರೆ ಎಸೆಯಬೇಕು, 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಒಬ್ಬಳನ್ನು ಕರೆದು “ಕೇಳು, ಸಪ್ಪಳ ಬರ್ತದೇನು?” ಅನ್ನುತ್ತೇನೆ. ಆಮೇಲೆ ಬಳಸಿದ ಸಿರಿಂಜ್ ಒಂದರ ಹಿಡಿ ಎಳೆಯಲು ಹೇಳುತ್ತೇನೆ, ಸೂಜಿ ಕತ್ತರಿಸಿದ ಮೇಲೆ. ಅದು ಹಿಂದಕ್ಕೆ ಬರುವುದೇ ಇಲ್ಲ, ಒಮ್ಮೆ ಒತ್ತಿದರೆ ಲಾಕ್. ‘ಒಂದೇ ಸೂಜಿ ಎಲ್ಲರಿಗೂ ಚುಚ್ಚುತ್ತಾರೆ’ ಅನ್ನುವ ಮಾತು ಅಲ್ಲೇ ಮುಗಿಯುತ್ತದೆ. ಮನೆಗೆ ಹೋಗಿ ಅವರೇ ಹೇಳುತ್ತಾರೆ.

ಎರಡೆಕರೆ ತೊಗರಿ (ಅಫಜಲಪುರ), ಭಾನುವಾರ ಬೆಳಿಗ್ಗೆ 7:15

ಅಕ್ಕೋರೆ, ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಕೇಳಬೇಕಾದ್ದು ಕೇಳುತ್ತೇನೆ.

2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಹುಡುಗಿಯರಿಗೆ ಕ್ಯಾನ್ಸರ್ ಬರದ ಹಾಗೆ ಅಂತ ಲಸಿಕೆ ಕೊಟ್ಟರು. ಗುಜರಾತಿನ ವಡೋದರಾದಲ್ಲೂ ಕೊಟ್ಟರು. ಆಮೇಲೆ ಏಳು ಹುಡುಗಿಯರು ತೀರಿಕೊಂಡರು, ಕಾರ್ಯಕ್ರಮವನ್ನು ಸರ್ಕಾರವೇ ನಿಲ್ಲಿಸಿತು. ಬಹಳಷ್ಟು ಹಾಸ್ಟೆಲ್ ಹುಡುಗಿಯರು, ಬುಡಕಟ್ಟಿನವರು. ಖಮ್ಮಂ ಏನು ದೂರ? ಹೈದರಾಬಾದ್ ದಾಟಿದರೆ ಬಂತು. ನನ್ನ ಅಣ್ಣನ ಮಗಳು ವಸತಿ ಶಾಲೆಯಲ್ಲಿ ಎಂಟನೇ ಕ್ಲಾಸ್. ಅಣ್ಣ ಅತ್ತಿಗೆ ಪುಣೆಯಲ್ಲಿ ಕೆಲಸಕ್ಕೆ. ಅವಳ ಚೀಟಿಗೆ ಯಾರು ಸಹಿ ಹಾಕುತ್ತಾರೆ, ಅಷ್ಟು ಹೇಳಿ.

ರಾತ್ರಿ ಪಾಳಿ (ಸುರಪುರ ಕಡೆ), ಭಾನುವಾರ ಬೆಳಿಗ್ಗೆ 11:20

ಅಣ್ಣಾರೆ, ನಿಮ್ಮ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನಾನೇ. ಯಾದಗಿರಿ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ನರ್ಸ್. 6ರಿಂದ 10ನೇ ಕ್ಲಾಸಿನವರೆಗೆ 250 ಮಕ್ಕಳು, ನಾನೊಬ್ಬಳು.

ಖಮ್ಮಂ ಕಥೆಯನ್ನು ನಾನು ಸುಳ್ಳು ಅನ್ನುವುದಿಲ್ಲ. ಆದರೆ ಅದರಲ್ಲಿ ಎರಡು ಮಾತು ಬೇರೆ ಬೇರೆ ಇವೆ. ಸಾವುಗಳ ತನಿಖೆ ಆಯಿತು. ಹಾವು ಕಡಿದದ್ದು, ನೀರಲ್ಲಿ ಮುಳುಗಿದ್ದು, ಕ್ರಿಮಿನಾಶಕ ಕುಡಿದದ್ದು, ಮಲೇರಿಯಾ, ಇಂಥ ಕಾರಣಗಳು ಸಿಕ್ಕವು. ಲಸಿಕೆಯಿಂದ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಎರಡನೆಯದು ಒಪ್ಪಿಗೆಯ ವಿಷಯ. ಅಲ್ಲಿ ತಪ್ಪಾಗಿತ್ತು, ನಿಜವಾಗಿಯೂ ಆಗಿತ್ತು. ಎಷ್ಟೋ ಚೀಟಿಗಳಿಗೆ ವಾರ್ಡನ್, ಹೆಡ್ಮಾಸ್ಟರ್ ಸಹಿ ಹಾಕಿದ್ದರು. ಅಪ್ಪ ಅವ್ವನಿಗೆ ಗೊತ್ತೇ ಇಲ್ಲ. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಬಹಳ ಕಟುವಾಗಿ ಬರೆಯಿತು. ಲಸಿಕೆ ಕೆಟ್ಟದ್ದಾಗಿರಲಿಲ್ಲ, ಕೇಳಿದ ರೀತಿ ಕೆಟ್ಟದ್ದಾಗಿತ್ತು.

ಅದಕ್ಕೇ ನಾನು ವಾರ್ಡನ್ ಸಹಿ ಇರುವ ಚೀಟಿ ಮುಟ್ಟುವುದಿಲ್ಲ. ಇದಕ್ಕೆ ನನಗೂ ಆಫೀಸಿಗೂ ಒಂದೆರಡು ಸಲ ಮಾತಿಗೆ ಮಾತು ಆಗಿದೆ. ಪಟ್ಟಿ ಬೇಗ ಕಳಿಸಬೇಕು, ಪರ್ಸೆಂಟ್ ಕಮ್ಮಿ ಆಗುತ್ತದೆ ಅಂತ ಅವರಿಗೆ ಅವಸರ.

ನಮ್ಮ ಮಕ್ಕಳ ಮನೆಯವರು ಬೆಂಗಳೂರು, ಪುಣೆ, ಗೋವಾ ಅಂತ ದುಡಿಯಲು ಹೋಗಿರುತ್ತಾರೆ. ದೀಪಾವಳಿ ಮುಗಿಸಿ ಹೋದರೆ ಯುಗಾದಿಗೆ ಬರುವುದು. ಹಗಲು ಫೋನ್ ಮಾಡಿದರೆ ಎತ್ತುವುದಿಲ್ಲ, ಕೆಲಸದಲ್ಲಿರುತ್ತಾರೆ. ರಾತ್ರಿ ಎಂಟರ ಮೇಲೆ ಮಾಡಬೇಕು. ಅಡುಗೆ ಮಾಡುತ್ತ ಇರುತ್ತಾರೆ, ಸ್ಟವ್ ಸಪ್ಪಳ ಕೇಳುತ್ತದೆ. ಹೋದ ವರ್ಷ ಒಬ್ಬ ತಂದೆಗೆ ಎಲ್ಲ ವಿವರ ಹೇಳಿದೆ. ಯಾವ ಸೂಜಿ, ಯಾಕೆ, ಕೈ ನೋಯಬಹುದು, ಒಂದು ದಿನ ಜ್ವರ ಬರಬಹುದು ಅಂತ. ಅವರು ಸೂಜಿಯ ಬಗ್ಗೆ ಒಂದೂ ಕೇಳಲಿಲ್ಲ. “ರಾತ್ರಿ ಜ್ವರ ಬಂದ್ರ ಯಾರ್ ನೋಡ್ತಾರವ್ವಾ?” ಅಂದರು. “ನಾ ಇಲ್ಲೇ ಮಲಗ್ತೀನ್ರಿ” ಅಂದೆ. “ಹಂಗಾರ ಮಾಡಸ್ರಿ.”

ಹಾಗೆ ಒಪ್ಪಿದ್ದನ್ನು ತಾರೀಕು, ಹೊತ್ತು, ಯಾರ ಹತ್ತಿರ ಮಾತಾಡಿದೆ ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಊರಲ್ಲಿ ಅಜ್ಜಿಯೋ ಕಾಕಾನೋ ಇದ್ದರೆ ಭೇಟಿ ದಿನ ಅವರ ಸಹಿ. ಸೂಜಿ ಮಾಡುವುದು ನಾನಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದವರು. ನನ್ನ ಕೆಲಸ ಪಕ್ಕದಲ್ಲಿ ಕೂತು ಕೈ ಹಿಡಿಯುವುದು. ಆದರೆ ಹಿಂದಿನ ಬೆಂಚು ಸರ್ ಕೇಳಿದ್ದಕ್ಕೆ ಹೇಳುತ್ತೇನೆ, ಫರಕು ಬೀಳುತ್ತದೆ. ತಲೆಹೇನು, ಕಜ್ಜಿ, ಮುಟ್ಟಿನ ಹೊಟ್ಟೆನೋವು, ಮನೆ ನೆನಪಾಗಿ ಅಳುವುದು, ಎಲ್ಲಕ್ಕೂ ನನ್ನ ಕೋಣೆಗೇ ಬರುತ್ತಾರೆ. ಹಾಗಾಗಿ ಸೂಜಿ ದಿನ ನಾನು ಹೊಸಬಳಲ್ಲ.

ಎರಡೆಕರೆ ತೊಗರಿ, ಭಾನುವಾರ ಮಧ್ಯಾಹ್ನ 1:05

ನಿಮ್ಮಂಥವರು ಎಲ್ಲ ಹಾಸ್ಟೆಲಿನಲ್ಲಿ ಇಲ್ಲವಲ್ಲ, ಅದೇ ನನ್ನ ತಕರಾರು. ಅಣ್ಣನಿಗೆ ಇವತ್ತೇ ಹೇಳುತ್ತೇನೆ, ಅಲ್ಲಿಯ ನರ್ಸ್ ನಂಬರ್ ತೊಗೋ ಅಂತ.

ಬಿದರಿ ಕುಸುರಿ (ಬೀದರ್), ಭಾನುವಾರ ಮಧ್ಯಾಹ್ನ 3:30

ಚೀಟಿಯ ಮಾತು ಬಂತು, ಹಾಗಾಗಿ ಬರೆಯುತ್ತಿದ್ದೇನೆ. ನಾನು ಉರ್ದು ಮಾಧ್ಯಮ ಶಾಲೆಯಲ್ಲಿ ಕನ್ನಡ ಕಲಿಸುವ ಟೀಚರ್. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಬಂದಿತ್ತು ನೆನಪಿದೆಯಾ? ನಮ್ಮ ಕಡೆ ದಡಾರಕ್ಕೆ ಗೊಬ್ಬರ ಅಂತಾರಲ್ಲ, ಅದೇ. 9 ತಿಂಗಳಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಕೊಟ್ಟರು, ಶಾಲೆಗೆ ಹೋಗುವವರಿಗೆ ಶಾಲೆಯಲ್ಲೇ. ವಾಟ್ಸಾಪ್‌ನಲ್ಲಿ ಏನೇನೋ ಬಂತು. ಮಕ್ಕಳಾಗದ ಹಾಗೆ ಮಾಡುತ್ತಾರೆ ಅಂತ. ಸೂಜಿ ದಿನ ನಮ್ಮ ಅರ್ಧ ಕ್ಲಾಸ್ ಖಾಲಿ.

ಮನೆ ಮನೆಗೆ ಹೋದಾಗ ಗೊತ್ತಾಗಿದ್ದು ಏನು ಗೊತ್ತಾ? ಚೀಟಿ ಕನ್ನಡದಲ್ಲಿ ಮಾತ್ರ ಇತ್ತು. ಅಮ್ಮಂದಿರಿಗೆ ಉರ್ದು ಓದಲು ಬರುತ್ತದೆ, ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಒಬ್ಬರು ಅದನ್ನು ಶಾಲೆಯ ಫೀಸ್ ನೋಟಿಸ್ ಅಂದುಕೊಂಡು ಟ್ರಂಕಿನಲ್ಲಿ ಇಟ್ಟಿದ್ದರು! ಮಗಳ ಕೈಯಲ್ಲಿ ಹುಡುಕಿಸಿ ಕೊಟ್ಟರು, ಮಡಿಕೆ ಬಿಚ್ಚದೆ. ಅವರು ಬೇಡ ಅಂದಿರಲಿಲ್ಲ, ಅವರನ್ನು ಯಾರೂ ಕೇಳಿರಲೇ ಇಲ್ಲ.

ಆವತ್ತಿನಿಂದ ಯಾವ ಚೀಟಿ ಬಂದರೂ ಹಿಂದುಗಡೆ ಒಂಬತ್ತನೇ ಕ್ಲಾಸಿನ ಹುಡುಗಿಯರ ಕೈಯಲ್ಲಿ ಉರ್ದುವಿನಲ್ಲಿ ಬರೆಸುತ್ತೇನೆ. ಅವರ ಅಕ್ಷರ ನನ್ನದಕ್ಕಿಂತ ಚಂದ. ನಿಮ್ಮ ಬಾಕಿ 19 ಚೀಟಿಯಲ್ಲಿ ಎಷ್ಟು ‘ಬೇಡ’, ಎಷ್ಟು ‘ಓದಿಲ್ಲ’ ಅಂತ ನೋಡಿ ಸರ್. ಓದು ಬರದವರಿಗೆ ಬಾಯಲ್ಲಿ ಹೇಳಬೇಕು. ತಾಂಡಾದಲ್ಲಿ ಯಾರಾದರೂ ಯಾಡಿಗೆ (ಲಂಬಾಣಿಯಲ್ಲಿ ತಾಯಿಗೆ ಹಾಗನ್ನುತ್ತಾರೆ) ಅವಳ ಮಾತಿನಲ್ಲೇ ಹೇಳಿದರೆ ಅರ್ಧ ಕೆಲಸ ಆಯಿತು.

ಸೂಪರ್ ಮಾರ್ಕೆಟ್ (ಕಲಬುರಗಿ), ಭಾನುವಾರ ಸಂಜೆ 6:10

ಶಹರದ ಶಾಲೆ ಅಂತ ಆಸೆ ಪಡಬೇಡಿ ಸರ್. ನನ್ನ ಮಗಳ ಶಾಲೆಯಲ್ಲಿ ‘ಸಿಕ್ ರೂಮ್’ ಇದೆ, ಬಿಳಿ ಕೋಟಿನ ಸಿಸ್ಟರ್ ಇದ್ದಾರೆ, ಒಂದು ಹಾಸಿಗೆ, ಗೋಡೆಗೆ ಹಲ್ಲಿನ ಚಾರ್ಟ್. ಪಟ್ಟಿ ಹಚ್ಚುತ್ತಾರೆ, ನಮಗೆ ಫೋನ್ ಮಾಡಿ ಕರೆದುಕೊಂಡು ಹೋಗಿ ಅನ್ನುತ್ತಾರೆ. ಲಸಿಕೆ ಅಂದರೆ ‘ನಿಮ್ಮ ಡಾಕ್ಟರ್ ಹತ್ತಿರ ಮಾಡಿಸಿಕೊಳ್ಳಿ’. ಹತ್ತು ವರ್ಷದ ಟಿಡಿ ಇದೆ ಅಂತ ನನಗೆ ಗೊತ್ತಾಗಿದ್ದೇ ಈ ಚರ್ಚೆಯಿಂದ. ಅವಳಿಗೆ ಈಗ 12. ತಾಯಿ ಕಾರ್ಡ್ ತೆಗೆದು ನೋಡಿದೆ, ಐದು ವರ್ಷದ ಸೂಜಿಗೇ ನಿಂತಿದೆ. ಈಗ ಹಾಕಿಸಬಹುದಾ?

ಇನ್ನೊಂದು. ಮೇಲೆ ಮಾತು ಬಂತಲ್ಲ, ಆ ಕ್ಯಾನ್ಸರ್ ಬರದ ಹಾಗೆ ಕೊಡುವ ಎಚ್‌ಪಿವಿ ಲಸಿಕೆ ಮಾಡಿಸಬೇಕು ಅಂತ ನನಗಿದೆ. ಅತ್ತೆ “ಮದುವೆ ಆಗದ ಹುಡುಗಿಗೆ ಅದ್ಯಾಕ?” ಅನ್ನುತ್ತಾರೆ. ಏನು ಹೇಳಲಿ?

ಗುರುವಾರದ ಅಕ್ಕ, ಭಾನುವಾರ ರಾತ್ರಿ 8:45

ಹಾಕಿಸಬಹುದು. ತಡ ಆದರೂ ಬಿಡಬಾರದು. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಗುರುವಾರ ಹೋಗಿ, ದುಡ್ಡಿಲ್ಲ. ಕಾರ್ಡ್ ತೊಗೊಂಡು ಹೋಗಿ. ಚಿಕ್ಕಂದಿನ ಸೂಜಿಯ ಶಕ್ತಿ ವರ್ಷ ಕಳೆದಂತೆ ಇಳಿಯುತ್ತದೆ, ಅದಕ್ಕೇ ಈ ಎರಡು ಬೂಸ್ಟರ್. ಗಂಟಲುಮಾರಿ ಹೋಗಿಯೇ ಬಿಟ್ಟಿದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹೋಗಿಲ್ಲ. ಈಗ ದೊಡ್ಡ ಮಕ್ಕಳಲ್ಲೂ ಕಾಣುತ್ತದೆ.

ಎಚ್‌ಪಿವಿ ಅನ್ನುವುದು ಒಂದು ವೈರಸ್. ಗರ್ಭಚೀಲದ ಬಾಯಿಗೆ ಆಗುವ ಕ್ಯಾನ್ಸರ್‌ಗೆ ಹೆಚ್ಚುಕಮ್ಮಿ ಯಾವಾಗಲೂ ಅದೇ ಮೂಲ. ನಮ್ಮ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಹೆಂಗಸರಿಗೆ ಈ ಕ್ಯಾನ್ಸರ್ ಆಗುತ್ತದೆ. ಮದುವೆ ಆದ ಮೇಲೆ ವೈರಸ್ ತಗಲುವ ಸಾಧ್ಯತೆ ಬರುತ್ತದೆ, ಕ್ಯಾನ್ಸರ್ ಆಗಲು ಇನ್ನೂ ಹತ್ತಿಪ್ಪತ್ತು ವರ್ಷ. ತಗಲಿದ ಮೇಲೆ ಈ ಲಸಿಕೆಯಿಂದ ಆ ಸೋಂಕು ಹೋಗುವುದಿಲ್ಲ. ಹಾಗಾಗಿ 9ರಿಂದ 14 ವರ್ಷ ಸರಿಯಾದ ವಯಸ್ಸು. ಮೊದಲು ಎರಡು ಡೋಸ್ ಅಂತ ಇತ್ತು, ಒಂದು ಡೋಸ್ ಕೂಡ ಸಾಕಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಅದೇ ವರ್ಷ ನಮ್ಮ ದೇಶದಲ್ಲೇ ತಯಾರಾದ ಸರ್ವಾವ್ಯಾಕ್ ಅನ್ನುವ ಎಚ್‌ಪಿವಿ ಲಸಿಕೆಗೂ ಅನುಮತಿ ಸಿಕ್ಕಿತು. ಮಕ್ಕಳಾಗುವುದಿಲ್ಲ ಅನ್ನುವುದು ಸುಳ್ಳು. ಹಾಗಂತ ಸೂಜಿ ಆಯಿತು ಅಂತ ಮುಂದೆ ತಪಾಸಣೆ ಬಿಡಬಾರದು, 30 ದಾಟಿದ ಮೇಲೆ ಅದೂ ಬೇಕು.

ಅತ್ತೆಯವರನ್ನೂ ಕರೆದುಕೊಂಡು ಬನ್ನಿ. ಅವರದೇ ತಪಾಸಣೆ ಆಗಿದೆಯೋ ಇಲ್ಲವೋ ಕೇಳುತ್ತೇವೆ.

ಎರಡೆಕರೆ ತೊಗರಿ, ಭಾನುವಾರ ರಾತ್ರಿ 9:10

ಅಂದರೆ ತೊಗರಿಗೆ ನೆಟೆ ರೋಗ ಬಂದ ಮೇಲೆ ಏನು ಹೊಡೆದರೂ ಇಲ್ಲ, ಬಿತ್ತುವ ಮೊದಲೇ ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಬೇಕು. ಹಾಗಾ?

ಗುರುವಾರದ ಅಕ್ಕ, ರಾತ್ರಿ 9:12

ಅಣ್ಣಾರೆ, ಮುಂದಿನ ಸಲ ತಾಯಂದಿರ ಸಭೆಗೆ ನೀವೇ ಬನ್ನಿ.

ನೀಲಿ ಮಾತ್ರೆ (ಹುಮನಾಬಾದ್), ಸೋಮವಾರ ಬೆಳಿಗ್ಗೆ 8:20

ನಾನು ಆರ್‌ಬಿಎಸ್‌ಕೆ, ಅಂದರೆ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮದ ತಂಡದ ಫಾರ್ಮಸಿಸ್ಟ್. ಶಾಲೆಗೆ ಜೀಪಿನಲ್ಲಿ ಬರುವವರು ನಾವು. ಇಬ್ಬರು ಡಾಕ್ಟರ್, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್. 2013ರಿಂದ ಇದೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದೇ ಸಲ. ಹಲ್ಲು, ಕಣ್ಣು, ಕಿವಿ, ಹೃದಯ ನೋಡಿ ತೊಂದರೆ ಇದ್ದವರನ್ನು ಮುಂದೆ ಕಳಿಸುವುದು ನಮ್ಮ ಕೆಲಸ. ನಮ್ಮನ್ನೇ ಸೂಜಿಯವರು ಅಂದುಕೊಂಡು ಮಕ್ಕಳು ಹಿಂದಿನ ಗೋಡೆ ಹಾರುತ್ತಾರೆ. ಒಮ್ಮೆ ಒಬ್ಬ ಹುಡುಗ ತೊಗರಿ ಹೊಲದಲ್ಲಿ ಸಂಜೆವರೆಗೆ ಅಡಗಿದ್ದ, ಬರೀ ಕಣ್ಣು ಪರೀಕ್ಷೆಗೆ.

ಸರ್ ಶಾಲೆಯ ಹುಡುಗಿಯರು ಬಿದ್ದದ್ದರಲ್ಲಿ ಹೆದರಿಕೆ ಇರಬಹುದು, ಆದರೆ ಮೈಯಲ್ಲಿ ರಕ್ತ ಎಷ್ಟಿದೆ ಅಂತಲೂ ನೋಡಿಸಿ. ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಕೊಡಬೇಕಲ್ಲ, ಅದು ಹೊಟ್ಟೆಗೆ ಹೋಗುತ್ತಿದೆಯಾ? ನಾನು ಒಂದು ಶಾಲೆಯಲ್ಲಿ ಹುಡುಗಿಯರ ಶೌಚಾಲಯದ ಹಿಂದೆ ಮಾತ್ರೆಗಳ ರಾಶಿ ನೋಡಿದ್ದೇನೆ. ಮಳೆಗೆ ಬಣ್ಣ ಬಿಟ್ಟು ಗೋಡೆಯ ಬುಡ ನೀಲಿ ಆಗಿತ್ತು. ಕೇಳಿದರೆ “ವಾಕರಿಕೆ ಬರ್ತದ ಸರ್” ಅಂದರು. ಬರುತ್ತದೆ, ಖಾಲಿ ಹೊಟ್ಟೆಯಲ್ಲಿ ಪ್ರಾರ್ಥನೆ ಹೊತ್ತಿಗೆ ನುಂಗಿಸಿದರೆ ಬರದೆ ಏನು? ಊಟ ಆದ ಮೇಲೆ, ಕಣ್ಣೆದುರಿಗೆ ಕೊಡಬೇಕು. ಟೀಚರ್ ಕೂಡ ಒಂದು ನುಂಗಿದರೆ ಮಕ್ಕಳು ಸುಮ್ಮನೆ ನುಂಗುತ್ತಾರೆ.

ಕರಿಕಲ್ಲು, ಸೋಮವಾರ ಬೆಳಿಗ್ಗೆ 9:00

ನನ್ನ ಅನುಭವ ಬೇರೆ. 2022ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಮೆದುಳು ಜ್ವರದ ಲಸಿಕೆ ಕೊಟ್ಟರು, 1ರಿಂದ 15 ವರ್ಷದವರಿಗೆ. ಮಗನಿಗೆ ಶಾಲೆಯಲ್ಲೇ ಆಯಿತು. ಸಂಜೆ ಬಂದು ಕೈ ತೋರಿಸಿ ಹತ್ತು ರೂಪಾಯಿ ಇಸಕೊಂಡ. ಅಷ್ಟೇ ಕಥೆ. ಹೀಗೆ ಸುಮ್ಮನೆ ಆಗಿ ಹೋದದ್ದನ್ನು ಯಾರೂ ವಿಡಿಯೋ ಮಾಡುವುದಿಲ್ಲ.

ಹಿಂದಿನ ಬೆಂಚು, ಎರಡು ವಾರದ ನಂತರ, ಶುಕ್ರವಾರ ರಾತ್ರಿ 9:15

ನಿನ್ನೆ ಎರಡನೇ ಸುತ್ತು ಮುಗಿಯಿತು. ಹೇಳಿ ಹೋಗುವುದು ನನ್ನ ಕರ್ತವ್ಯ.

ಮೊದಲು ಶಾಲೆಯಲ್ಲಿ ಪಾಲಕರ ಸಭೆ ಕರೆದೆ, ಬೆಳಿಗ್ಗೆ 11ಕ್ಕೆ. ಮೂರು ಜನ ಬಂದರು. ಹತ್ತಿ ಬಿಡಿಸುವ ಹೊತ್ತಿನಲ್ಲಿ ಯಾರು ಬರುತ್ತಾರೆ, ನನಗೇ ಬುದ್ಧಿ ಇರಲಿಲ್ಲ. ಆಮೇಲೆ ಸಿಸ್ಟರ್, ನಾನು, ಆಶಾ ಅಕ್ಕ ಮೂವರೂ ಸಂಜೆ ಏಳಕ್ಕೆ ತಾಂಡಾಕ್ಕೆ ಹೋದೆವು. ಆಶಾ ಅಕ್ಕ ಲಂಬಾಣಿ ಮಾತಿನಲ್ಲೇ ಎಲ್ಲ ಹೇಳಿದರು. ಮೊದಲು ಬಿದ್ದ ಹುಡುಗಿಯ ತಾಯಿ ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದವರು ನನ್ನ ಕಡೆ ತಿರುಗಿ ಕೇಳಿದರು: “ಉಂಡು ಬರಬೇಕು ಅಂತ ಚೀಟ್ಯಾಗ ಬರದಿದ್ರ ನಾ ರೊಟ್ಟಿ ಕಟ್ಟಿ ಕಳಸ್ತಿರ್ಲಿಲ್ಲೇನ್ರಿ ಸರ್?”

ಬಾಯಿ ಬರಲಿಲ್ಲ ನನಗೆ. ಚೀಟಿ ತೆಗೆದು ನೋಡಿದೆ. ನಿಜ. ಅದರಲ್ಲಿ ಮೇಲಿನವರ ಆದೇಶದ ನಂಬರ್ ಇತ್ತು, ದಿನಾಂಕ ಇತ್ತು, ‘ಸಹಕರಿಸಲು ಕೋರಿದೆ’ ಅಂತ ಇತ್ತು. ಊಟ ಮಾಡಿ ಬನ್ನಿ ಅಂತ ಇರಲಿಲ್ಲ. ಯಾವ ರೋಗಕ್ಕೆ ಅಂತಲೂ ಇರಲಿಲ್ಲ.

ಹೊಸ ಚೀಟಿ ಕೈಯಲ್ಲೇ ಬರೆದು ಜೆರಾಕ್ಸ್ ಮಾಡಿಸಿದೆ. ಯಾವ ಸೂಜಿ, ಯಾಕೆ, ಕೈ ಎರಡು ದಿನ ನೋಯಬಹುದು, ಸಿಸ್ಟರ್ ನಂಬರ್, ನನ್ನ ನಂಬರ್. ಕೆಳಗೆ ‘ಬೇಕು’, ‘ಬೇಡ’ ಎರಡೂ. ಹಿಂದುಗಡೆ ಉರ್ದುವಿನಲ್ಲಿ ನಮ್ಮ ಶಾಲೆಯ ಒಬ್ಬ ಹುಡುಗಿಯೇ ಬರೆದಳು. ಬಿದರಿ ಕುಸುರಿ ಟೀಚರ್, ನೀವು ಹೇಳಿದ್ದು ನಿಜ. ಮೊದಲು ಚೀಟಿ ಕೊಡದ 19ರಲ್ಲಿ ‘ಬೇಡ’ ಅಂದವರು ಮೂವರೇ.

ಮಧ್ಯಾಹ್ನ ಊಟ ಆದ ಮೇಲೆ ಲೈಬ್ರರಿ ಕೋಣೆ. ಅಂದರೆ ಎರಡು ಕಪಾಟು ಇರುವ ಕೋಣೆ, ಬಾಗಿಲು ಮಾತ್ರ ಎರಡಿವೆ. ಕಿಟಕಿಗೆ ಭೂಪಟ ನೇತುಹಾಕಿದೆ. ಸಿಸ್ಟರ್ ಐಸ್ ಪ್ಯಾಕ್ ಅಲ್ಲಾಡಿಸಿ ಕೇಳಿಸಿದರು. ಎಲ್ಲರಿಗೂ ಕೇಳಬೇಕು ಅಂತ ಹಟ, ಅದಕ್ಕೇ ಹತ್ತು ನಿಮಿಷ ಹೋಯಿತು.

36 ಮಕ್ಕಳಿಗೆ ಆಯಿತು. ಬಿದ್ದವನು ಒಬ್ಬನೇ, ನಮ್ಮ ವಾಲಿಬಾಲ್ ಕ್ಯಾಪ್ಟನ್! ಗೋಡೆಗೆ ಒರಗಿ ಕುಳಿತಿದ್ದ, ಹಾಗೇ ಪಕ್ಕಕ್ಕೆ ವಾಲಿದ. ಐದು ನಿಮಿಷಕ್ಕೆ ಎದ್ದು “ಯಾರಿಗೂ ಹೇಳಬ್ಯಾಡ್ರಿ ಸರ್” ಅಂದ. ಹೊರಗಿನವರಿಗೆ ಗೊತ್ತೇ ಆಗಲಿಲ್ಲ.

ಒಟ್ಟು 55. ಮೂವರ ಮನೆಯವರು ಬೇಡ ಅಂತ ಗುರುತು ಹಾಕಿ ಸಹಿ ಮಾಡಿ ಕಳಿಸಿದ್ದಾರೆ, ನಾನು ಒತ್ತಾಯ ಮಾಡಲಿಲ್ಲ. ಇಬ್ಬರಿಗೆ ಜ್ವರ, ಮುಂದಿನ ಗುರುವಾರ ಉಪಕೇಂದ್ರಕ್ಕೆ ಬರುತ್ತಾರೆ. ಇನ್ನಿಬ್ಬರು ಅಕ್ಕ-ತಂಗಿ ಮಕ್ಕಳು. ಹಾಜರಿಯಲ್ಲಿ ಹೆಸರಿದೆ, ಊರಲ್ಲಿ ಇಲ್ಲ. ದೀಪಾವಳಿ ಆದ ಮೇಲೆ ಮನೆಯವರ ಜೊತೆ ಬೆಂಗಳೂರಿಗೆ ಹೋಗಿದ್ದಾರೆ, ಯಾವುದೋ ಕಟ್ಟಡದ ಕೆಲಸ, ಶೆಡ್ಡಿನಲ್ಲಿ ವಾಸ. ಪರೀಕ್ಷೆಗಾದರೂ ಬರುತ್ತಾರೋ ಇಲ್ಲವೋ. ಅವರಿಗೆ ಅಲ್ಲಿ ಸೂಜಿ ಸಿಗುತ್ತದಾ?

ಗುರುವಾರದ ಅಕ್ಕ, ರಾತ್ರಿ 9:31

ಸಿಗುತ್ತದೆ ಸರ್. ಎಲ್ಲಿಯವರಾದರೂ ಸರಿ, ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹಾಕುತ್ತಾರೆ. ಶೆಡ್ ಇರುವ ಏರಿಯಾ ಯಾವುದು ಅಂತ ಕೇಳಿ, ಅಲ್ಲಿಯ ಆಶಾ ಯಾರು ಅಂತ ಹುಡುಕಬಹುದು. ನಿಮ್ಮ ಸಿಸ್ಟರ್ ಆ ಇಬ್ಬರ ಹೆಸರನ್ನು ಬಾಕಿ ಪಟ್ಟಿಯಲ್ಲಿ ಬರೆದುಕೊಂಡಿದ್ದಾರಾ?

ಹಿಂದಿನ ಬೆಂಚು, ರಾತ್ರಿ 9:36

ಬರೆದುಕೊಂಡಿದ್ದಾರೆ. ತಂದೆಯ ನಂಬರ್ ಇವತ್ತು ಕಿರಾಣಿ ಅಂಗಡಿಯವರ ಹತ್ತಿರ ಸಿಕ್ಕಿತು. ಹಗಲು ಮೂರು ಸಲ ಮಾಡಿದೆ, ಎತ್ತಲಿಲ್ಲ.

ರಾತ್ರಿ ಪಾಳಿ, ರಾತ್ರಿ 9:38

ಈಗ ಮಾಡಿ ಸರ್. ಊಟಕ್ಕೆ ಕುಳಿತಿರುತ್ತಾರೆ.